ಚಿಕ್ಕು ಅಜ್ಜಿಯ ರಕ್ತ ಬೇಡವಾದ ದಿನ

2012ರ ಏಪ್ರಿಲಿನ ಒಂದು ಬೆಳಿಗ್ಗೆ ಕುಂದಾಪುರದಲ್ಲಿ ಬಸ್ಸು ಹತ್ತಿ ಏಳು ಗಂಟೆಗೆ ಬ್ರಹ್ಮಾವರದಲ್ಲಿ ಇಳಿದೆ. ತೊಂಬತ್ತು ದಾಟಿದವರ ರಕ್ತದಲ್ಲಿ ದೀರ್ಘಾಯುಷ್ಯದ ಗುಟ್ಟು ಹುಡುಕಲು ಬೆಂಗಳೂರಿನಿಂದ ಡಾಕ್ಟರೊಬ್ಬರು ಬಂದಿದ್ದರು. ಒಬ್ಬರ ವಂಶವಾಹಿಗೂ ಇನ್ನೊಬ್ಬರದಕ್ಕೂ ಇರುವ ಸಣ್ಣ ವ್ಯತ್ಯಾಸಗಳಲ್ಲಿ ಆ ಗುಟ್ಟು ಇದೆಯಂತೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದ ನಾನು ಅವರಿಗೆ ದಾರಿ ತೋರಿಸಲು ಖುಷಿಯಿಂದಲೇ ಒಪ್ಪಿದ್ದೆ. ನನ್ನ ಬುದ್ಧಿಗಿಷ್ಟು!

ಏಳಕ್ಕೇ ಹೊರಡೋಣ ಎಂದಿದ್ದ ಡಾಕ್ಟರು ಅಲ್ಲಿನ ಲಾಡ್ಜಿನಿಂದ ಹೊರಬಿದ್ದದ್ದು ಹತ್ತಕ್ಕೆ. ಕೊಕ್ಕರ್ಣೆಯಲ್ಲಿ ಒಬ್ಬ ಅಜ್ಜನ ರಕ್ತ ತೆಗೆದು ಜೀಪು ಕುಂದಾಪುರ ಮುಟ್ಟುವಾಗ ಹನ್ನೆರಡೂವರೆ. ಬಿಸಿಲು ನೆತ್ತಿ ಸುಡುತ್ತಿತ್ತು.

"ಇಲ್ಲಿ ಮೀನಿನ ಊಟ ಚೆನ್ನಾಗಿರುತ್ತಂತಲ್ಲ ಮೇಡಂ?"

"ಬೈಂದೂರಿನಲ್ಲಿ ತೊಂಬತ್ನಾಲ್ಕರ ಅಜ್ಜಿ ನಿಮ್ಮ ಮಾತು ಕೇಳಿ ಖಾಲಿ ಹೊಟ್ಟೆಯಲ್ಲಿ ಕೂತಿದ್ದಾರೆ" ಎಂದೆ. ಹತ್ತೇ ನಿಮಿಷ ಎಂದವರು ಅಂಜಲ್ ಫ್ರೈ ಎರಡು ಸಲ ಹಾಕಿಸಿಕೊಂಡರು.

ಆ ಚಿಕ್ಕು ಅಜ್ಜಿ ಎಂಬತ್ತರವರೆಗೂ ಮೀನಿನ ಬುಟ್ಟಿ ಹೊತ್ತವರು. ಮೂರು ಮಕ್ಕಳೂ ಅವರ ಕಣ್ಣೆದುರೇ ತೀರಿಕೊಂಡಿದ್ದರು. ರಕ್ತ ಕೊಡಿ ಎಂದು ಹಿಂದಿನ ವಾರ ಕೇಳಲು ಹೋದಾಗ ಅವರು ಕೇಳಿದ್ದು ಒಂದೇ: "ಟೀಚರ್ರೇ, ನಾನ್ ಮಕ್ಕಳ್ ಆಯಸ್ಸ್ ತಿಂದ್ಕಂಡ್ ಬದ್ಕಿದ್ದೆ ಅಂದೇಳಿ ಊರರ್ ಹೇಳ್ತ್ರ್. ಅದ್ ಹೌದಾ ಅಲ್ದಾ, ರಕ್ತ ಕಂಡ್ರೆ ಡಾಕ್ಟ್ರಿಗೆ ಗೊತ್ತಾತ್ತಾ?" ಡಾಕ್ಟರ ಬಾಯಿಂದಲೇ ಹೇಳಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಮೂವತ್ತು ಚಿಲ್ಲರೆ ಕಿಲೋಮೀಟರು ದಾಟಿ ಅವರ ಮನೆ ತಲುಪುವಾಗ ಎರಡು ಗಂಟೆ.

"ಹ್ವಾಯ್, ಬನಿ, ಕೂಕಣಿ. ಮೊದ್ಲ್ ಆಸ್ರಿಗ್ ತಕಣಿ" ಎಂದು ಅಜ್ಜಿ ತಾವೇ ನೀರು, ಬೆಲ್ಲ ತಂದಿಟ್ಟರು. ಎಲ್ಲರೂ ಬಾಯಿಗೆ ಹಾಕಿಕೊಂಡೆವು. ಆಮೇಲೆ ಡಾಕ್ಟರು ಫಾರಂ ತೆಗೆದರು.

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ ಅಜ್ಜಿ?"

"ಈಗ ನಿಮ್ಮೊಟ್ಟಿಗೆ ಒಂದ್ ಚೂರ್ ಬೆಲ್ಲ. ನೆಂಟ್ರ್ ತಿಂಬತಿಗೆ ಮನಿಯರ್ ಬಾಯ್ ಕಟ್ಕಂಡ್ ಕೂಕಂಬ್ದಾ?"

ಡಾಕ್ಟರು ಅಜ್ಜಿಯ ಹೆಸರಿನ ಮೇಲೆ ಗೆರೆ ಎಳೆದರು. "ಉಪವಾಸ ಮುರಿದಿದೆ. ಇವರ ರಕ್ತ ಬೇಡ."

ನನಗೆ ಪಿತ್ತ ನೆತ್ತಿಗೇರಿತು. "ಬೆಲ್ಲ ತಿಂದರೆ ವಂಶವಾಹಿ ಬದಲಾಗ್ತದಾ ಡಾಕ್ಟ್ರೇ?"

"ಇಲ್ಲ ಮೇಡಂ. ಸಕ್ಕರೆ ಪರೀಕ್ಷೆಯೂ ಜೊತೆಗಿದೆ. ನಿಯಮ."

ಹಾಗಾದರೆ ಅಜ್ಜಿಯ ಪ್ರಶ್ನೆಗಾದರೂ ಉತ್ತರ ಹೇಳಿ ಎಂದು ಅದನ್ನು ಬಿಡಿಸಿ ಹೇಳಿದೆ. "ಅದಕ್ಕೂ ನಮ್ಮ ಅಧ್ಯಯನಕ್ಕೂ ಸಂಬಂಧವಿಲ್ಲ" ಎಂದು, ಬೆಲ್ಲದ ಅಂಟು ಒರೆಸಿಕೊಳ್ಳುತ್ತಾ ಜೀಪು ಹತ್ತಿದರು. ಥೂ! ಇಲ್ಲ ಅಜ್ಜಿ ಎನ್ನುವ ಎರಡು ಮಾತಿಗೆ ಇವರ ಗಂಟೇನು ಹೋಗುತ್ತಿತ್ತು?

ನಾನು ಜೀಪು ಹತ್ತಲಿಲ್ಲ. ಅಜ್ಜಿಯ ಪಕ್ಕ ಕೂತು, ಒಬ್ಬರ ಆಯಸ್ಸು ಇನ್ನೊಬ್ಬರಿಗೆ ಹೋಗುವುದಿಲ್ಲ, ಅದೆಲ್ಲ ಸುಳ್ಳು ಎಂದು ಮಕ್ಕಳಿಗೆ ಪಾಠ ಹೇಳುವಂತೆ ಹೇಳಿದೆ. ಬಸ್ಸಿಗೆ ಹೊರಟಾಗ ಅವರು ಬಾಗಿಲವರೆಗೆ ಬಂದು ನನ್ನ ಕೈ ಹಿಡಿದುಕೊಂಡರು.

"ನೀವ್ ಒಳ್ಳೇರ್ ಟೀಚರ್ರೇ, ಅದ್ಕೆ ಹೇಳ್ತ್ರಿ. ಸುಳ್ಳ್ ಆಗಿದ್ರೆ ಡಾಕ್ಟ್ರ್ ಹೇಳ್ದೇ ಹೋತಿದ್ರಾ?"