ಬಸ್ಸು ಹತ್ತಿದ ಉಡ

1980ರ ಆಸುಪಾಸಲ್ಲಿ ನಾನು ರಾತ್ರಿ ತಾಯಲೂರಲ್ಲೇ ತಂಗೋ ನೈಟ್ ಹಾಲ್ಟ್ ಬಸ್ಸಿಗೆ ಕಂಡಕ್ಟರು. ಒಂದು ಬೆಳಿಗ್ಗೆ ಕೆರೆ ಕಡೆಯಿಂದ ಮಾರುದ್ದದ ಉಡವೊಂದು ಬಂದು, ಹಿಂದಿನ ಬಾಗಿಲಲ್ಲಿ ಹತ್ತೇಬಿಡ್ತು! ಮುಳಬಾಗಿಲು ಸಂತೆಗೆ ಹೊರಟವರೆಲ್ಲ ಕಿರುಚಿಕೊಂಡು ಕೆಳಕ್ಕೆ ಹಾರಿದರು.

"ಉಡ ಹೊಕ್ಕ ಮನೇಲಿ ಇರಬಾರ್ದು ಕಣಪ್ಪ. ಮೂರು ತಿಂಗಳು ಬೀಗ ಹಾಕು," ಅಂದಳು ಟೊಮೆಟೊ ಬುಟ್ಟಿ ಹೊತ್ತಿದ್ದ ಅಜ್ಜಿ.

"ಇದು ಬಸ್ಸು ಅಜ್ಜಿ, ಮನೆ ಅಲ್ಲ!"

"ನೀನು ಉಣ್ಣೋದು ಇಲ್ಲೇ, ಮಲಗೋದು ಇಲ್ಲೇ. ಮನೆ ಅಲ್ದೆ ಇನ್ನೇನು?"

ಜನವೆಲ್ಲ ಅಜ್ಜಿ ಕಡೆ. ಅಷ್ಟರಲ್ಲಿ ಉಡ ಮುಂದಿನ ಬಾಗಿಲಿಂದ ಧೊಪ್ಪನೆ ಬಿದ್ದು ಕೆರೆಗೆ ಓಡಿತು.

"ನೋಡಜ್ಜಿ, ಹಿಂದೆ ಹತ್ತಿ ಮುಂದೆ ಇಳೀತು! ಅದು ಪ್ಯಾಸೆಂಜರು!" ಅಂತ ಕೂಗಿದೆ.

ಅಜ್ಜಿ ಯೋಚಿಸಿ, ತಲೆಯಾಡಿಸಿ, ಎಲ್ಲರಿಗಿಂತ ಮೊದಲು ಹತ್ತಿದಳು.

ವಾರದ ಮೇಲೆ ಮನೆಗೆ ಹೋದವನು ಈ ವಾದ ಗೆದ್ದ ಕಥೆಯನ್ನ ಹೆಂಡತಿಗೆ ಹೇಳಿದೆ. ಅವಳು ಮಾತ್ರ ಇವತ್ತಿಗೂ ಅಜ್ಜಿ ಕಡೆ.