ಕಂಬಿಗೆ ತೂಗುಬಿಟ್ಟ ಬುತ್ತಿ

ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಒಂದು ಖಾನಾವಳಿ ಇತ್ತು. ಬೈಲಹೊಂಗಲದ ಕಡೆಯ ಗಂಡ ಹೆಂಡತಿ ಅದನ್ನು ನಡೆಸುತ್ತಿದ್ದರು. ಆ ಮರಾಠಿ ಊರಿನಲ್ಲಿ ನಾನೂ ಧಾರವಾಡದವನಾದ್ದರಿಂದ ಆಕೆಗೆ ಅಣ್ಣನಾದೆ, ನನಗೆ ಆಕೆ ಅಕ್ಕನಾದಳು. ಯಾರು ಯಾರಿಗಿಂತ ದೊಡ್ಡವರು ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಕೂತು ಉಣ್ಣುವವರು ಅಲ್ಲಿಗೆ ಬರುತ್ತಿದ್ದದ್ದು ಕಡಿಮೆ. ಸಂಸಾರ ನಡೆಯುತ್ತಿದ್ದದ್ದು ಊಟದ ಡಬ್ಬಿಗಳಿಂದ. ಮಗರಪಟ್ಟಾದ ಆಚೆ ಐಟಿ ಕಚೇರಿಗಳಿರುವ ಒಂದು ಆವರಣಕ್ಕೆ ಗಂಡ ಸ್ಕೂಟರಿನಲ್ಲಿ ಅವುಗಳನ್ನು ಒಯ್ಯುತ್ತಿದ್ದ. ಅಲ್ಲಿ ಕೆಲಸ ಮಾಡುವ ಕನ್ನಡದ ಹುಡುಗರಿಗೆ, ಸೊಲ್ಲಾಪುರದ ಕಡೆಯ ಮರಾಠಿಯವರಿಗೆ ಜೋಳದ ರೊಟ್ಟಿ ಬೇಕಿತ್ತು.

ರೊಟ್ಟಿಯನ್ನು ಬಿಸಿ ಇರುವಾಗ ಡಬ್ಬಿಯಲ್ಲಿ ಮುಚ್ಚಿದರೆ ಬೆವರಿ ಮೆತ್ತಗಾಗುತ್ತದೆ. ಅಕ್ಕ ಅದನ್ನು ಹಳೆಯ ಧೋತರದ ಬಟ್ಟೆಯಲ್ಲಿ ಸುತ್ತಿ, ಪಲ್ಯದ ಸ್ಟೀಲ್ ಡಬ್ಬಿಯ ಜೊತೆ ದಪ್ಪ ಬಟ್ಟೆಯ ಚೀಲಕ್ಕೆ ಹಾಕಿ, ಬಾಯಿಗೆ ದಾರ ಬಿಗಿಯುತ್ತಿದ್ದಳು. ಗಂಡ ಚೀಲಗಳನ್ನು ಕಚೇರಿಯ ಗೇಟಿನ ಪಕ್ಕದ ಕಬ್ಬಿಣದ ಕಂಬಿಗೆ ಸಾಲಾಗಿ ತೂಗುಹಾಕಿ ಹೊರಟುಬಿಡುತ್ತಿದ್ದ. ಊಟದ ಹೊತ್ತಿಗೆ ಒಬ್ಬೊಬ್ಬರೇ ಹೊರಗೆ ಬಂದು ತಮ್ಮ ದಾರದ ಬಣ್ಣ ನೋಡಿ ಒಯ್ಯುವರು. ಸಂಜೆ ಖಾಲಿ ಚೀಲವನ್ನು ಮತ್ತೆ ಅಲ್ಲಿಯೇ ಸಿಕ್ಕಿಸುವರು, ಮಾರನೆಯ ದಿನ ಬಂದಾಗ ಗಂಡ ಅವನ್ನು ಒಯ್ಯುವನು. ವರ್ಷಗಟ್ಟಲೆ ಹೀಗೆ ನಡೆದಿತ್ತು. ಒಂದು ಚೀಲವೂ ಕಳುವಾಗಿರಲಿಲ್ಲ. ಅಡುಗೆ ಬಿಟ್ಟು ಯಾರೂ ಗೇಟಿನಲ್ಲಿ ನಿಂತು ಕಾಯಬೇಕಿರಲಿಲ್ಲ ಎಂಬುದೇ ಆ ಏರ್ಪಾಟಿನ ಲಾಭ.

ಆಮೇಲೆ ಉತ್ತರದ ಗುಡ್ಡಗಾಡಿನಲ್ಲಿ ಪ್ರವಾಸಕ್ಕೆ ಹೋದವರ ಮೇಲೆ ಉಗ್ರರ ದಾಳಿಯಾಯಿತು. ಸತ್ತವರಲ್ಲಿ ನಾವಿದ್ದ ಊರಿನವರೂ ಇದ್ದರು.

ನಾನು ಆಗ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ವರದಿಗಾರರ ಬರಹ ತಿದ್ದುವ ಕೆಲಸದಲ್ಲಿದ್ದೆ. ಅಂಥ ದಿನ ಸುದ್ದಿಮನೆಯಲ್ಲಿ ಗದ್ದಲ ಇರುವುದಿಲ್ಲ. ಸತ್ತವರ ಸಂಖ್ಯೆ ಬರುತ್ತದೆ, ಬದಲಾಗುತ್ತದೆ. ಇನ್ನೊಂದು ಕಡೆಯಿಂದ ಖಚಿತವಾಗುವ ತನಕ ಹಿಂದಿನದನ್ನೇ ಇಟ್ಟುಕೊಂಡಿರುತ್ತೇವೆ. ಆದರೆ ಊರಿಗೆ ಅಷ್ಟು ತಾಳ್ಮೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಶವಗಳು ವಿಮಾನದಲ್ಲಿ ಬಂದ ದಿನ ಅಂಗಡಿಗಳು ತಾವಾಗಿಯೇ ಬಾಗಿಲು ಹಾಕಿದವು. ಹತ್ತಿರದ ಗಿರಿಧಾಮ ಲೋಣಾವಳಾದಲ್ಲಿ ಕೊಠಡಿ ಹಿಡಿದಿದ್ದವರು ಅದನ್ನೂ ರದ್ದು ಮಾಡಿದರು. ದಾಳಿ ನಡೆದ ಜಾಗಕ್ಕೂ ಲೋಣಾವಳಾಕ್ಕೂ ಇರುವ ದೂರ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಯುದ್ಧವಾಗುತ್ತದೆ ಎಂಬ ಮಾತು ಹಬ್ಬಿ, ಮಾರ್ಕೆಟ್ ಯಾರ್ಡಿನ ಸಗಟು ಪೇಟೆಯಲ್ಲಿ ಮನೆಗೆ ಕೊಳ್ಳುವವರು ಬೇಳೆ, ಎಣ್ಣೆಯನ್ನು ಅಂಗಡಿಕಾರರ ಹಾಗೆ ರಾಶಿಗಟ್ಟಲೆ ಖರೀದಿಸತೊಡಗಿದರು. ಅಕ್ಕನಿಗೆ ತೊಗರಿಬೇಳೆ ತುಟ್ಟಿಯಾಯಿತು. ಆದರೂ ಡಬ್ಬಿಗಳು ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಅಕ್ಕನ ಗಂಡನ ಫೋನು ಬಂತು.

“ಸಾಹೇಬ್ರ, ಲಗೂನ ಬರ್ರಿ. ಪೊಲೀಸರು ಬಂದಾರ, ನಾಯಿ ತಂದಾರ. ನಮ್ಮ ಚೀಲದ ಸುತ್ತ ಹಗ್ಗ ಕಟ್ಯಾರ್ರಿ.”

ಆದದ್ದು ಇಷ್ಟು. ಹಿಂದಿನ ದಿನ ಒಬ್ಬ ಹುಡುಗ ಜ್ವರವೆಂದು ಕಚೇರಿಗೆ ಬಂದಿರಲಿಲ್ಲ, ಖಾನಾವಳಿಗೆ ತಿಳಿಸಿರಲೂ ಇಲ್ಲ. ಅವನ ಚೀಲ ತುಂಬಿದ್ದು ತುಂಬಿದ ಹಾಗೆ ಕಂಬಿಯಲ್ಲೇ ಉಳಿದಿತ್ತು. ಗೇಟಿನಲ್ಲಿ ಆ ವಾರವಷ್ಟೇ ಹೊಸ ಕಾವಲುಗಾರರನ್ನು ಹಾಕಿದ್ದರು. ವಾರಸುದಾರರಿಲ್ಲದ ಚೀಲ, ಬಾಯಿ ಕಟ್ಟಿದೆ, ಒಳಗೆ ಲೋಹದ ಡಬ್ಬಿ ಇದೆ. ಅವರು ಫೋನು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಾನು ಹೋಗುವಷ್ಟರಲ್ಲಿ ಕಚೇರಿಗಳನ್ನು ತೆರವು ಮಾಡಿಸಿದ್ದರು. ರಸ್ತೆಯ ಆಚೆ ನೂರಾರು ಜನ ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು. ಅಕ್ಕ ಹಿಟ್ಟಿನ ಕೈಯಲ್ಲೇ ರಿಕ್ಷಾ ಹಿಡಿದು ಬಂದಿದ್ದಳು.

“ಹೀ ಪಿಶವೀ ಕೋಣಾಚೀ?” ಚೀಲ ಯಾರದು ಎಂದು ಅಧಿಕಾರಿ ಕೂಗುತ್ತಿದ್ದ.

“ನಂದರೀ! ಮಾಝೀ, ಸಾಹೇಬ್, ಮಾಝೀ!” ಅಕ್ಕ ಎರಡು ಭಾಷೆಯಲ್ಲೂ ಕೂಗಿದಳು. “ನಾ ಬಿಚ್ಚಿ ತೋರಸ್ತೀನಿ, ಬಿಡ್ರಿ ನನ್ನ.”

ಬಿಡಲಿಲ್ಲ. ನಿಯಮ ಶುರುವಾದರೆ ಮುಗಿಯಲೇಬೇಕು. ದಪ್ಪ ಉಡುಪಿನವನೊಬ್ಬ ಕೊಕ್ಕೆ ಸಿಕ್ಕಿಸಿ, ದೂರ ಸರಿದು, ಹಗ್ಗ ಎಳೆದ. ಚೀಲ ಹರಿಯಿತು. ಡಬ್ಬಿ ಉರುಳಿ ಬಾಯಿಬಿಟ್ಟಿತು. ಒಂದು ದಿನ ಹಳಸಿದ ಎಣ್ಣೆಗಾಯಿ ನೆಲಕ್ಕೆ ಚೆಲ್ಲಿತು. ರೊಟ್ಟಿ ಬಟ್ಟೆಯಿಂದ ಹೊರಬಂದು ಮುರಿದು ಬಿತ್ತು.

ನಾಯಿ ಹಿಡಿದಿದ್ದವನು ಮೂಗು ಮುಚ್ಚಿಕೊಂಡು, “ಬಾಂಬ್ ಅಸತಾ ತರ್ ಬರಂ ಝಾಲಂ ಅಸತಂ,” ಎಂದ. ಬಾಂಬೇ ಆಗಿದ್ದರೆ ಚೆನ್ನಾಗಿತ್ತು ಎಂದು ಅರ್ಥ. ಸುತ್ತಲಿದ್ದವರು ನಕ್ಕರು. ಅದು ಜೀವ ಉಳಿದ ನಗೆ, ಆಡಿಕೊಂಡದ್ದಲ್ಲ. ಅಕ್ಕ ಮಾತ್ರ ಕೂತು ಮುರಿದ ರೊಟ್ಟಿ ಆರಿಸತೊಡಗಿದಳು. ಅದಕ್ಕೂ ಬಿಡಲಿಲ್ಲ. ಅದು ಸಾಕ್ಷ್ಯವಂತೆ.

ಮಾರನೆಯ ದಿನ ನಮ್ಮ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು: ಕಚೇರಿ ಆವರಣದ ಬಳಿ ಅನುಮಾನಾಸ್ಪದ ಚೀಲ, ಕೆಲಕಾಲ ಆತಂಕ, ತಪಾಸಣೆಯಲ್ಲಿ ಏನೂ ಸಿಗಲಿಲ್ಲ. ವರದಿಗಾರ ಖಾನಾವಳಿಯ ಉಲ್ಲೇಖ ಮಾಡಿದ್ದ. ಅದನ್ನು ತೆಗೆದವನು ನಾನು. ಇಂಥ ಸುದ್ದಿಯಲ್ಲಿ ಸಣ್ಣ ವ್ಯಾಪಾರಿಯನ್ನು ಗುರುತಿಸಿದರೆ ಹೆದರಿಕೆ ಅವರ ಬೆನ್ನಿಗೆ ಅಂಟುತ್ತದೆ. ಈಗ ಕೇಳಿದರೂ ನಾನು ಹಾಗೆಯೇ ತಿದ್ದುವೆ.

ಅಕ್ಕ ಪತ್ರಿಕೆ ಹಿಡಿದು ಮೇಲೆ ಬಂದಳು. ಆಕೆಗೆ ಇಂಗ್ಲಿಷ್ ಬಾರದು, ಯಾರಿಂದಲೋ ಓದಿಸಿಕೊಂಡಿದ್ದಳು.

“ಏನೂ ಸಿಗಲಿಲ್ಲ ಅಂತ ಬರದೀರಂತ. ರೊಟ್ಟಿ ಸಿಕ್ತಲ್ರಿ ಅಣ್ಣಾರ? ಬದನಿಕಾಯಿ ಸಿಕ್ತು. ಅದು ಏನೂ ಅಲ್ಲೇನ್ರಿ?”

“ನಿಮ್ಮ ಹೆಸರು ಬಂದ್ರ ನಿಮಗ ತ್ರಾಸ ಆಗ್ತದ ಅಂತ, ಅಕ್ಕಾರ.”

“ಹೆಸರು ಹಾಕಬ್ಯಾಡ್ರಿ. ಊಟ ಇತ್ತು ಅಂತರ ಹಾಕ್ರಿ. ವಿಡಿಯೋದಾಗ ಬರೇ ನನ್ನ ಚೀಲ, ನಾಯಿ, ಪೊಲೀಸರು. ಮುಂದಿಂದು ಯಾರೂ ನೋಡವಲ್ರು.”

ಅದು ನಿಜವಾಗಿತ್ತು. ಓಡಾಡುತ್ತಿದ್ದ ವಿಡಿಯೋ ಹಗ್ಗ ಎಳೆಯುವ ಮೊದಲೇ ನಿಲ್ಲುತ್ತಿತ್ತು. ಇನ್ನೊಂದು ಸಣ್ಣ ಸುದ್ದಿ ಹಾಕಲು ಸಾಧ್ಯವೇ ಎಂದು ಮುಖ್ಯಸ್ಥರನ್ನು ಕೇಳಿದೆ. ಆಗದ ಘಟನೆಗೆ ಎರಡು ಸಲ ಜಾಗ ಕೊಡಲಾಗದು ಎಂದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಆವರಣದವರು ಕಂಬಿಗೆ ಏನನ್ನೂ ತೂಗಬಾರದೆಂದು ಫಲಕ ಹಾಕಿದರು. ಡಬ್ಬಿ ಪಾರದರ್ಶಕವಾಗಿರಬೇಕು, ಒಬ್ಬೊಬ್ಬರ ಕೈಗೇ ಕೊಡಬೇಕು. ಅಕ್ಕ ಪ್ಲಾಸ್ಟಿಕ್ ಡಬ್ಬಿ ತಂದಳು. ಒಳಗೆ ಬಟ್ಟೆ ಸುತ್ತಿದರೆ ರೊಟ್ಟಿ ಕಾಣದು, ಗೇಟಿನಲ್ಲಿ ಮತ್ತೆ ಬಿಚ್ಚಿಸುತ್ತಿದ್ದರು. ಬಟ್ಟೆ ಬಿಟ್ಟರೆ ಮುಚ್ಚಳದ ಒಳಗೆ ಹನಿಗಟ್ಟಿ ರೊಟ್ಟಿ ತೊಯ್ದು ಹೋಗುತ್ತಿತ್ತು. ಆರಿಸಿ ಹಾಕಿದರೆ ಸೆಟೆಯುತ್ತಿತ್ತು. ಮೂರೂ ಬಗೆಯಲ್ಲಿ ಮಾಡಿ ನೋಡಿದಳು. ಗಂಡ ಬಿಸಿಲಿನಲ್ಲಿ ಗೇಟಿನ ಮುಂದೆ ನಿಂತು ಒಬ್ಬೊಬ್ಬರಿಗೂ ಫೋನು ಮಾಡಿ ಕರೆಯಬೇಕಾಯಿತು. ಕೆಲವರು ಮೀಟಿಂಗಿನಲ್ಲಿರುವರು, ಎತ್ತುತ್ತಿರಲಿಲ್ಲ.

ಜನ ಒಬ್ಬೊಬ್ಬರಾಗಿ ಬಿಟ್ಟರು. ಕಚೇರಿಗಳಲ್ಲಿ ಮನೆಯಿಂದಲೇ ಕೆಲಸ ಮಾಡಿ ಎಂದಿದ್ದರು. ಹೊರದೇಶದ ಕೆಲಸ ಕಡಿಮೆಯಾಗಿ ಕೆಲವರನ್ನು ತೆಗೆಯುತ್ತಾರೆ ಎಂಬ ಮಾತೂ ಇತ್ತು. ಜ್ವರ ಬಂದಿದ್ದ ಹುಡುಗ ಬೆಂಗಳೂರಿನವನು. ಒಂದು ದಿನ ಖಾನಾವಳಿಗೇ ಬಂದ. ನಾನು ಅಲ್ಲೇ ಉಣ್ಣುತ್ತಿದ್ದೆ.

“ಸಾರಿ ಆಂಟಿ, ಅವತ್ತು ನಾನು ಮೆಸೇಜ್ ಹಾಕ್ಬೇಕಿತ್ತು.”

“ಹೋಗ್ಲಿ ಬಿಡಪಾ, ಜ್ವರ ಬಂದಾಗ ಯಾರಿಗೆ ನೆನಪಿರ್ತದ. ಕೂಡು, ಉಣ್ಣು.”

“ಇಲ್ಲ ಆಂಟಿ, ಈ ತಿಂಗಳಿಂದ ಡಬ್ಬಿ ಬೇಡ ಅಂತ ಹೇಳೋಕ್ ಬಂದೆ. ಗೇಟ್ ಹತ್ರ ಎಲ್ಲರ ಮುಂದೆ ಚೆಕ್ ಮಾಡಿಸ್ಕೊಂಡು ನಿಂತ್ಕೊಳ್ಳೋಕೆ ಒಂಥರಾ ಆಗುತ್ತೆ. ಆಫೀಸಲ್ಲಿ ಸಿಚುಯೇಶನ್ನೂ ಸರಿ ಇಲ್ಲ.”

“ಯಾವದು ಮೊದಲ? ನಾಚಿಕಿನೋ, ಆಫೀಸೋ?”

ಅವನಿಗೇ ಗೊತ್ತಿರಲಿಕ್ಕಿಲ್ಲ. ಆ ದಿನಗಳಲ್ಲಿ ಯಾವುದು ಹೆದರಿಕೆ, ಯಾವುದು ಖರ್ಚಿನ ಕೈಬಿಗಿ ಎಂದು ಬಿಡಿಸಿ ಹೇಳಲು ಆಗುತ್ತಿರಲಿಲ್ಲ. ಖರ್ಚು ಕಡಿಮೆ ಮಾಡಬೇಕಿದ್ದವರಿಗೆ ಹೆದರಿಕೆ ಒಂದು ಗೌರವದ ಕಾರಣ ಒದಗಿಸಿತ್ತು. ನಿಜವಾಗಿ ಹೆದರಿದವರು ಅದನ್ನು ಒಪ್ಪಿಕೊಳ್ಳಲಾರದೆ ಖರ್ಚಿನ ಮಾತಾಡುತ್ತಿದ್ದರು. ಸುದ್ದಿಯಲ್ಲಿ ಇದಕ್ಕೆ ಶೀರ್ಷಿಕೆ ಇರುವುದಿಲ್ಲ. ಯಾರೂ ಹೇಳಿಕೆ ಕೊಡುವುದಿಲ್ಲ.

ರೊಟ್ಟಿ ಬಡಿಯಲು ಬರುತ್ತಿದ್ದ ಹೆಂಗಸನ್ನು ಮೊದಲು ಬಿಡಿಸಿದರು. ಆಮೇಲೆ ಡಬ್ಬಿ ನಿಂತಿತು. ಕೂತು ಉಣ್ಣುವವರಿಂದ ಬಾಡಿಗೆ ಹುಟ್ಟದು. ಇನ್ನೊಂದಿಷ್ಟು ದಿನ ನೋಡಿ, ಜನ ಮರೆಯುತ್ತಾರೆ ಎಂದೆ.

“ಮಂದಿ ಮರೀತಾರ್ರಿ,” ಎಂದಳು ಅಕ್ಕ. “ಮಾಲಕ ಬಾಡಿಗಿ ಮರೀತಾನೇನ್ರಿ?”

ಮಳೆಗಾಲ ಹಿಡಿಯುವ ಮೊದಲು ಅವರು ಮಳಿಗೆ ಬಿಟ್ಟು ಊರಂಚಿನ ಫುರಸುಂಗಿಯ ಕಡೆ ಒಂದು ಕೋಣೆಗೆ ಹೋದರು. ದೊಡ್ಡ ಹಂಚನ್ನು ಗಂಡ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಒಯ್ದ.

ಕೆಲವು ತಿಂಗಳ ನಂತರ ಕೆಲಸದ ಮೇಲೆ ನಾನು ಒಂದು ದೊಡ್ಡ ಕಟ್ಟಡಕ್ಕೆ ಹೋದೆ. ಬಾಗಿಲಲ್ಲಿ ಚೀಲ ನೋಡುವ ಸಾಲಿತ್ತು. ನನ್ನ ಸರದಿ ಬಂದಾಗ ಮೇಜಿನ ಹಿಂದೆ ನೀಲಿ ಅಂಗಿ ತೊಟ್ಟು ನಿಂತಿದ್ದವನು ಅಕ್ಕನ ಗಂಡ. ಆ ವರ್ಷ ಊರಿನಲ್ಲಿ ಕೇಳಿದವರಿಗೆಲ್ಲ ಕೆಲಸ ಸಿಗುತ್ತಿದ್ದದ್ದು ಕಾವಲಿನಲ್ಲಿ ಮಾತ್ರ.

“ಆರಾಮಿದ್ದೀರೇನ್ರಿ ಸಾಹೇಬ್ರ?” ಎಂದು ನಕ್ಕ. ನಗುತ್ತಲೇ ದನಿ ತಗ್ಗಿಸಿ, “ಚೀಲ ತೆಗೀರಿ. ಗುರ್ತಿನವ್ರಂತ ಬಿಟ್ರ ನನ್ನ ನೌಕರಿ ಹೋಗ್ತದ,” ಎಂದ.

ತೆಗೆದೆ. ಅವನು ಕಡ್ಡಿಯಿಂದ ಕಾಗದಗಳನ್ನು ಸರಿಸಿ ತಳದ ತನಕ ನೋಡಿದ. ಮೈಗಳ್ಳತನದ ಕೆಲಸವಲ್ಲ ಅವನದು, ಮೊದಲಿನಿಂದಲೂ ಅಲ್ಲ.

“ಅಕ್ಕ?”

“ಒಂದು ಕ್ಯಾಟರಿಂಗಿನಾಗ ಹೋಗ್ತಾಳ್ರಿ, ಚಪಾತಿ ಲಟ್ಟಸಾಕ. ಮಷಿನ್ ಬರೂದದ ಅಂತಾರ. ಬಂದ ಮ್ಯಾಲೆ ನೋಡೂಣು.” ಅವನ ಕಣ್ಣು ಆಗಲೇ ನನ್ನ ಹಿಂದಿದ್ದವಳ ಕೈಚೀಲದ ಮೇಲಿತ್ತು. “ಮುಂದ ನಡೀರಿ ಸಾಹೇಬ್ರ, ಹಿಂದ ಮಂದಿ ನಿಂತಾರ.”