ಮೊದಲ ಮಡಿಕೆಗೆ ಯಾರ ಹೆಸರು

ಸುದ್ದಿಯ ಬೆನ್ನು ಹತ್ತುವುದು ಪತ್ರಕರ್ತರ ಕಸುಬು. ೨೦೦೧ರ ಮೇ ತಿಂಗಳಲ್ಲಿ ಕೃಷ್ಣರಾಜಪುರದ ಮಾರುಕಟ್ಟೆಯಲ್ಲಿ ಸುದ್ದಿಯೇ ನನ್ನ ಗೆಳತಿ ಜಹನಾರಾಳ ಬೆನ್ನು ಹತ್ತಿತು. ನಿಜ ಹೇಳಬೇಕೆಂದರೆ ಹತ್ತಿದ್ದು ಬೆನ್ನಿಗಿಂತ ಒಂದಿಷ್ಟು ಕೆಳಗೆ.

ಆಂಜನಮ್ಮನವರ ಮನೆಯ ಮಹಡಿಯಲ್ಲಿ ಬಣ್ಣದ ಕಾಗದದ ತೋರಣ ಕಟ್ಟುವ ಕ್ಲಾಸು ಮುಗಿಸಿ ಇಳಿದು ಬಂದಿದ್ದೆವು. ನೆಲ ಕೊಳೆಯಾಗದಿರಲೆಂದು ಹಾಸಿದ್ದ ಹೋದ ವಾರದ ಪೇಪರಿನ ಮೇಲೆ ಯಾರೋ ಮೈದಾ ಅಂಟು ಚೆಲ್ಲಿದ್ದರು. ಜಹನಾರಾ ಅದರ ಮೇಲೆಯೇ ಕೂತು ಪಾಠ ಮಾಡಿದ್ದಳು. ಅವಳು ಎದ್ದಾಗ ಪೇಪರೂ ಎದ್ದಿತು. ಸೊಪ್ಪಿನವರು, ಬಾಳೆಹಣ್ಣಿನ ಗಾಡಿಯವರು, ಬಸ್ಸಿಗೆ ಕಾಯುತ್ತಿದ್ದ ಫ್ಯಾಕ್ಟರಿ ಹೆಂಗಸರು, ಎಲ್ಲರೂ ಅವಳನ್ನು ಹಿಂದಿನಿಂದ ಓದಿದರು.

"ಆಂಟಿ, ನನ್ ರಾಶಿ ಭವಿಷ್ಯ ಏನಿದೆ, ಒಸಿ ನಿಂತ್ಕೊಳಿ, ನೋಡ್ಬಿಡ್ತೀನಿ" ಎಂದ ಒಬ್ಬ ಆಟೋದವನು.

"ಹತ್ರ ಬಾ, ನಾನೇ ಹೇಳ್ತೀನಿ ನಿನ್ ಭವಿಷ್ಯ" ಎಂದಳು ಜಹನಾರಾ. ಅವನು ಹತ್ತಿರ ಬರಲಿಲ್ಲ.

ನನ್ನ ಮಾರುತಿ ವ್ಯಾನಿನ ಮರೆಯಲ್ಲಿ ಅವಳನ್ನು ನಿಲ್ಲಿಸಿ ಪೇಪರು ಕಿತ್ತೆ. ಅದರಲ್ಲಿ ಇಂದಿರಾನಗರದ ನಮ್ಮ ಗೆಳತಿ ಪದ್ಮಶ್ರೀ ಕಾಗದದ ತಾವರೆ ಹಿಡಿದು ನಗುತ್ತಿದ್ದಳು. 'ಪದ್ಮಶ್ರೀಯ ಪದ್ಮ' ಎಂದು ತಲೆಬರಹ. ಕತ್ತರಿಯಿಲ್ಲದೆ, ಅಂಟಿಲ್ಲದೆ, ಒಂದೇ ಹಾಳೆಯಲ್ಲಿ ಅರಳುವ ಈ ತಾವರೆ ಅವರ ಸ್ವಂತ ಆವಿಷ್ಕಾರ ಎಂದು ಕೆಳಗೆ ಬರೆದಿತ್ತು. ಜಹನಾರಾ ಅದನ್ನು ಓದಿದಳು. ಆಮೇಲೆ ಗಟ್ಟಿಯಾಗಿ ಇನ್ನೊಮ್ಮೆ ಓದಿದಳು, ನನಗೆ ಕಿವಿ ಕೇಳಿಸುವುದಿಲ್ಲವೋ ಎಂಬಂತೆ.

ಆ ತಾವರೆ ಜಹನಾರಾಳದು. ಪದ್ಮಶ್ರೀಗೆ ಅವಳು ಅದನ್ನು ಕಲಿಸಿದ್ದು ಶಿವಾಜಿನಗರದ ತನ್ನ ಮನೆಯ ತಾರಸಿಯ ಮೇಲೆ. ಆಗ ಚಹಾ ಹಿಡಿದು ಪಕ್ಕದಲ್ಲಿ ಕೂತಿದ್ದವಳು ನಾನು.

ಜಹನಾರಾ ನನ್ನೊಂದಿಗೆ ಕಾನ್ವೆಂಟಿನಲ್ಲಿ ಓದಿದವಳು. ಅವಳ ಅಪ್ಪ ಸನಾವುಲ್ಲಾ ಸಾಹೇಬರದು ಶಿವಾಜಿನಗರದ ಗಲ್ಲಿಯೊಂದರಲ್ಲಿ ಬೈಂಡಿಂಗ್ ಅಂಗಡಿ. ನಾವೆಲ್ಲ ಕಾಗದದ ಮೇಲೆ ಬರೆದು ಪಾಸಾದೆವು, ಅವಳು ಕಾಗದವನ್ನೇ ಮಡಚಿ ಬದುಕಿದಳು. ಬೇಸಿಗೆ ರಜೆ ಬಂತೆಂದರೆ ನಾವಿಬ್ಬರೂ ವ್ಯಾನಿನಲ್ಲಿ ಹಾಳೆಯ ಕಟ್ಟುಗಳನ್ನು ತುಂಬಿಕೊಂಡು ಕುಕ್ ಟೌನ್, ಬಾಣಸವಾಡಿ, ಕೃಷ್ಣರಾಜಪುರ ಎಂದು ಸುತ್ತುತ್ತಿದ್ದೆವು. ಬೆಳಿಗ್ಗೆ ಒಂದು ಕಡೆ ಕ್ಲಾಸು, ಮಧ್ಯಾಹ್ನ ಇನ್ನೊಂದು ಕಡೆ ಗೆಳತಿಯ ಮನೆಯಲ್ಲಿ ಊಟ. ಗೆಳತಿಯರೆಲ್ಲ ಕಾಗದದ ನಂಟಿನವರೇ. ಆಂಜನಮ್ಮನವರಂತೂ ಹಳೇ ಪೇಪರನ್ನು ನೆನೆಹಾಕಿ, ಮೆಂತ್ಯ ಸೇರಿಸಿ ರುಬ್ಬಿ, ಮನೆಗೆ ಬಂದವರಿಗೆಲ್ಲ ಬುಟ್ಟಿ ಮಾಡಿ ಕೊಡುವವರು. ರಾಜಕಾರಣಿಗಳ ಭಾಷಣ ಅಷ್ಟು ನುಣ್ಣಗಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಜಹನಾರಾಳ ಕ್ಲಾಸಿಗೆ ಒಂದು ಕಟ್ಟುನಿಟ್ಟಿನ ಪದ್ಧತಿ. ಹಾಳೆಯ ಮೊದಲ ಮಡಿಕೆ ಒತ್ತುವಾಗ, ಕಲಿಸಿದವರ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಅವಳ ಅಪ್ಪನ ಅಂಗಡಿಯ ಕೆಲಸಗಾರರು ತಮ್ಮ ಉಸ್ತಾದರ ಹೆಸರು ಹೇಳದೆ ದಿನದ ಮೊದಲ ಹಾಳೆ ಮುಟ್ಟುತ್ತಿರಲಿಲ್ಲವಂತೆ. "ನಿನ್ ಬೆರಳು ಹಿಡಿದು ಒತ್ತಿಸಿದೋರ್ ಹೆಸ್ರು ಮಾತ್ರ. ಒಂದೇ ಹೆಸ್ರು. ಇಲ್ದಿದ್ರೆ ಮಡಿಕೆ ಕೂರಲ್ಲ" ಎನ್ನುತ್ತಿದ್ದಳು. ಹೆಸರು ನುಂಗಿದವರ ಹಾಳೆಯನ್ನು ಕಿತ್ತುಕೊಂಡು ಮತ್ತೆ ಮೊದಲಿನಿಂದ ಮಾಡಿಸುತ್ತಿದ್ದಳು. ಬೇರೆಯವರ ಮನೆಯಲ್ಲಿ ಮಡಿ ಎಂದರೆ ಸ್ನಾನ, ಇವಳ ಮಡಿ ಇದು.

ಆದರೆ ಅವಳ ಹೆಸರನ್ನು ಲೋಕ ಹೇಳಿದ್ದು ಕಡಿಮೆ. ಮದುವೆ ಮಂಟಪಗಳಲ್ಲಿ ಅವಳು 'ಹೂವಿನ ಬಾಯಮ್ಮ'. ಬಾಣಸವಾಡಿಯ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ವೇದಿಕೆಯನ್ನು ಪೂರ್ತಿ ಅವಳೇ ಸಿಂಗರಿಸಿದ್ದಳು. ವಂದನಾರ್ಪಣೆಯಲ್ಲಿ ಶಾಮಿಯಾನದವರ ಹೆಸರು ಬಂತು, ಮೈಕ್‌ಸೆಟ್ಟಿನವರ ಹೆಸರು ಬಂತು, ಬಾರದೇ ಹೋದ ಮುಖ್ಯ ಅತಿಥಿಯ ಹೆಸರೂ ಬಂತು. ಜಹನಾರಾ ಕೊನೆಯ ಸಾಲಿನಲ್ಲಿ ಕೂತು ಕಾಯುತ್ತಿದ್ದಳು. ರಾಷ್ಟ್ರಗೀತೆ ಬಂತು, ಎದ್ದು ನಿಂತಳು. ಇಂಥವರ ಕೃತಜ್ಞತೆಗೆ ಬೆಂಕಿ ಬೀಳಲಿ ಎಂದು ನಾನು ಅವತ್ತೇ ಅಂದುಕೊಂಡಿದ್ದೆ. ಈಗ ಸ್ವಂತ ಶಿಷ್ಯೆಯೇ ಹೀಗೆ ಮಾಡಿದಳೆಂದಾಗ ನನ್ನ ಸಿಟ್ಟೂ ಅವಳ ಸಿಟ್ಟಿನ ಪಕ್ಕದಲ್ಲಿ ಸೀಟು ಹಿಡಿಯಿತು.

ಅವತ್ತಿನ ಮಧ್ಯಾಹ್ನದ ಊಟ ಪದ್ಮಶ್ರೀಯ ಮನೆಯಲ್ಲೇ ಎಂದು ಮೊದಲೇ ಗೊತ್ತಾಗಿತ್ತು. ಕೃಷ್ಣರಾಜಪುರದ ತೂಗುಸೇತುವೆ ಕಟ್ಟುತ್ತಿದ್ದ ಕಾಲ. ಟಿನ್ ಫ್ಯಾಕ್ಟರಿಯ ಹತ್ತಿರ ವ್ಯಾನು ಧೂಳಿನಲ್ಲಿ ನಿಂತುಬಿಟ್ಟಿತು. ಜಹನಾರಾಳ ಬಾಯಿ ಮಾತ್ರ ನಿಲ್ಲಲಿಲ್ಲ. ಕನ್ನಡದಲ್ಲಿ ಬೈಗುಳ ಬೇಯಿಸಿದಳು, ತಮಿಳಿನಲ್ಲಿ ಹದ ನೋಡಿದಳು, ದಖನಿಯಲ್ಲಿ ಒಗ್ಗರಣೆ ಹಾಕಿದಳು, ಕೊನೆಗೆ ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷಿನಲ್ಲಿ ಬಡಿಸಿದಳು.

"ಸಾರಿ ಕೇಳ್ತಾಳೆ ಬಿಡೇ" ಎಂದೆ.

"ಸಾರಿ ನಕ್ಕೋ, ಅದು ಬೇಡ. ಅವಳ ಕ್ಲಾಸಿನವರ ಮುಂದೆ ನಿಂತ್ಕೊಂಡು ಹೇಳ್ಬೇಕು, ಇದು ಜಹನಾರಾದು ಅಂತ. ಹೇಳ್ಲಿಲ್ವೋ, ಈ ದೋಸ್ತಿ ಇವತ್ತಿಗೆ ಖತಂ. ನೀನು ಅವಳ ಮನೇಲಿ ಊಟ ಮಾಡಿದ್ರೆ ನಿಂದೂ ಖತಂ."

ಅಂಟಿಲ್ಲದ ಹೂವಿನಿಂದ ನಂಟು ಹರಿಯುವ ಹೊತ್ತು ಬಂದಿತ್ತು. ಹೊಟ್ಟೆ ಬೇರೆ ಹಸಿದಿತ್ತು.

ಪದ್ಮಶ್ರೀ ಬಾಗಿಲಲ್ಲೇ ಇದ್ದಳು. "ಬನ್ನಿ ಅಕ್ಕ, ಕ್ಲಾಸು ಇನ್ನೇನು ಶುರು. ಬಿಸಿಬೇಳೆ ಭಾತ್ ಮಾಡಿಟ್ಟಿದೀನಿ."

"ಭಾತ್ ಇರ್ಲಿ. ನೀನು ಪಾಠ ಮಾಡು, ನೋಡ್ತೀನಿ" ಎಂದು ಜಹನಾರಾ ಹಿಂದಿನ ಕುರ್ಚಿಯಲ್ಲಿ ಕೂತಳು.

ಹಾಲ್ ತುಂಬ ಹೆಂಗಸರು. ಗುಲಾಬಿ ಬಣ್ಣದ ಹಾಳೆಗಳನ್ನು ಹಂಚಿದ್ದಾಯಿತು. ತಾವರೆಯ ಮೊದಲ ಮಡಿಕೆಯನ್ನು ಒತ್ತುತ್ತ ಎಲ್ಲರೂ ಒಟ್ಟಿಗೆ "ಪದ್ಮಶ್ರೀ ಮೇಡಂ" ಎಂದರು.

ಜಹನಾರಾ ಎದ್ದು ನಿಂತಳು. "ಯಾರ್ದೇ ಈ ಹೂ?"

"ನಿಮ್ದೇ ಅಕ್ಕ."

"ಮತ್ತೆ ಪೇಪರ್‌ನಲ್ಲಿ ನಿಂದು ಅಂತ ಹಾಕಿಸ್ಕೊಂಡಿದೀಯ?"

ಪದ್ಮಶ್ರೀಯ ಮುಖ ಸಪ್ಪಗಾಯಿತು. "ನಾನು ಹಾಕಿಸ್ಲಿಲ್ಲ ಅಕ್ಕ. ಅವ್ರು ಬಂದಾಗ ಹಿಂಗೇ ಕ್ಲಾಸ್ ನಡೀತಿತ್ತು. ಎಲ್ರೂ ನನ್ ಹೆಸ್ರು ಹೇಳಿದ್ರು. ಅವ್ರು ಅದನ್ನೇ ಬರ್ಕೊಂಡ್ ಹೋದ್ರು."

"ಆವಾಗ ನಿನ್ ಬಾಯಿ ಯಾರ್ ಹತ್ರ ಅಡ ಇಟ್ಟಿದ್ದೆ?"

"ಫೋಟೋ ತೆಗೀತಿದ್ರು, ನಗ್ತಾ ಇದ್ದೆ." ಆಮೇಲೆ ಧೈರ್ಯ ತಂದುಕೊಂಡು, "ನೀವೇ ತಾನೆ ಅಕ್ಕ ಹೇಳಿದ್ದು, ಬೆರಳು ಹಿಡಿದೋರ್ ಹೆಸ್ರು ಮಾತ್ರ, ಒಂದೇ ಹೆಸ್ರು ಅಂತ? ನಾನ್ ಮಡಚುವಾಗ ಇವತ್ತಿಗೂ ನಿಮ್ ಹೆಸ್ರೇ ಹೇಳೋದು. ಇವ್ರ ಬೆರಳು ಹಿಡಿದಿದ್ದು ನಾನು. ನಿಮ್ ಹೆಸ್ರೂ ಸೇರಿಸ್ಲಾ ಅಂತ ಹೋದ ವರ್ಷ ಕೇಳಿದ್ದಕ್ಕೆ ಬೈದಿದ್ರಿ" ಎಂದಳು.

ಬೈದಿದ್ದಳು. ಅದೂ ನನ್ನ ವ್ಯಾನಿನ ಪಕ್ಕದಲ್ಲೇ ನಿಂತು. ಈ ಪದ್ಧತಿಯಂತೆ ಜಹನಾರಾ ಎಂಬ ಹೆಸರು ಪದ್ಮಶ್ರೀಯ ಹೊಸ್ತಿಲು ದಾಟುವಂತಿರಲಿಲ್ಲ; ದಾಟದಂತೆ ಬಾಗಿಲು ಹಾಕಿ ಚಿಲಕ ಜಡಿದವಳೂ ಅವಳೇ. ಇನ್ನು ಇವಳು ತಣ್ಣಗಾಗುತ್ತಾಳೆ ಎಂದುಕೊಂಡೆ. ನನ್ನ ಲೆಕ್ಕ ತಪ್ಪಿತು. ನ್ಯಾಯ ತನ್ನ ಕಡೆ ಇದ್ದಾಗಿನ ಸಿಟ್ಟು ಒಂದು ಲೋಟ ನೀರಿಗೆ ಇಳಿಯುತ್ತದೆ. ಸಿಕ್ಕಿಬಿದ್ದ ಮೇಲಿನ ಸಿಟ್ಟಿಗೆ ಕೆರೆಯೂ ಸಾಲದು.

"ನಿಯಮ ಮಾಡಿದ್ದು ನಾನು" ಎಂದಳು, ಕಿಟಕಿಯ ಗಾಜು ನಡುಗುವಂತೆ. "ಇವತ್ತಿಂದ ಬದಲಾಯ್ತು. ಕಲಿಸಿದೋರ್ ಹೆಸ್ರು, ಅವ್ರಿಗೆ ಕಲಿಸಿದೋರ್ ಹೆಸ್ರು. ಎಲ್ಲಾನೂ ಹೇಳ್ಬೇಕು, ಗಟ್ಟಿಯಾಗಿ. ಪದ್ಮಶ್ರೀ, ಮೊದ್ಲು ನೀನು ಎದ್ದು ಹೇಳು."

ಪದ್ಮಶ್ರೀ ಹಾಳೆಯನ್ನು ಪಕ್ಕಕ್ಕಿಟ್ಟು ಎದ್ದಳು. "ಈ ತಾವರೆ ನಂದಲ್ಲ. ಶಿವಾಜಿನಗರದ ಜಹನಾರಾ ಅಕ್ಕಂದು. ಅವರ ಮನೆ ತಾರಸಿ ಮೇಲೆ ಕಲ್ತಿದ್ದು. ಪೇಪರ್‌ನವ್ರಿಗೂ ನಾಳೆ ಫೋನ್ ಮಾಡಿ ಹೇಳ್ತೀನಿ" ಎಂದಳು. ಕೊನೆಕೊನೆಗೆ ಅವಳ ದನಿಯಲ್ಲೂ ಸಿಟ್ಟಿತ್ತು. ಇರಬೇಕಾದದ್ದೇ.

ಹೊಸ ಹಾಳೆಗಳನ್ನು ಹಂಚಿದರು. "ಪದ್ಮಶ್ರೀ ಮೇಡಂ, ಜಹನಾರಾ ಮಿಸ್" ಎನ್ನುತ್ತ ಎಲ್ಲರೂ ಮೊದಲ ಮಡಿಕೆ ಒತ್ತಿದರು.

"ಕೇಳಿಸ್ಲಿಲ್ಲ" ಎಂದಳು ಜಹನಾರಾ.

ಮತ್ತೆ ಹೇಳಿದರು. ಅಡಿಗೆಮನೆಯಿಂದ ಪದ್ಮಶ್ರೀಯ ಅತ್ತೆ ಇಣುಕಿ ನೋಡಿ ಹೋದರು. ಅಷ್ಟಾದ ಮೇಲೆ ಜಹನಾರಾ ಸೆರಗಿನಿಂದ ಮುಖ ಒರೆಸಿಕೊಂಡು ಕೂತಳು. ಬಿಸಿಬೇಳೆಯ ಪರಿಮಳ ಅವಳ ಮೂಗಿಗೂ ಮುಟ್ಟಿತ್ತೆಂದು ನನಗೆ ಗೊತ್ತಾಯಿತು.

ಮುಂದಿನ ಸಾಲಿನಲ್ಲಿದ್ದ ಸುಭದ್ರಮ್ಮನವರು ಕನ್ನಡಕ ಸರಿಮಾಡಿಕೊಂಡರು. ಬ್ಯಾಂಕಿನಿಂದ ನಿವೃತ್ತರಾದವರು, ಯಾವ ಕೆಲಸವನ್ನೂ ಅರ್ಧಕ್ಕೆ ಬಿಡದವರು. ಅವರ ದನಿಯಲ್ಲಿ ಕೊಂಕೇನೂ ಇರಲಿಲ್ಲ.

"ಎಲ್ಲಾನೂ ಹೇಳ್ಬೇಕು ಅಂದ್ರಲ್ಲ ಮಿಸ್. ಈ ಹೂ ನಿಮಗೆ ಕಲಿಸಿದೋರ್ ಹೆಸ್ರೂ ಹೇಳ್ಬಿಡಿ, ಸೇರಿಸ್ಕೋತೀವಿ."

ಹಾಳೆಗಳ ಮೇಲೆ ಬೆರಳುಗಳು ಕಾದವು. ಅವಳ ಅಪ್ಪನ ಹೆಸರು ಬರುತ್ತದೆಂದು ನಾನೂ ಕಾದೆ.

ಜಹನಾರಾ ಸೀಲಿಂಗ್ ಫ್ಯಾನು ನೋಡಿದಳು. ನನ್ನ ಕಡೆ ನೋಡಿದಳು.

"ಮೇರಿ ಹಬ್ಬದ ರಶ್ಶಿನಲ್ಲಿ, ಚರ್ಚ್ ಕಾಂಪೌಂಡ್ ಹತ್ರ ಪಕ್ಕದಲ್ಲಿ ಕೂತಿದ್ಲು ಒಬ್ಬಮ್ಮ, ಅವಳು ಹೇಳ್ಕೊಟ್ಲು" ಎಂದಳು. "ಹೆಸ್ರು ಕೇಳ್ಲಿಲ್ಲ."